ಚರ್ಚು ಎಲ್ಲರಿಗೂ ಗೊತ್ತು, ನೋಡಿದವರು ಯಾರು?

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಯಾವ ವಿಳಾಸ ಕೇಳಿದರೂ ಉತ್ತರ ಶುರುವಾಗುವುದು ಒಂದೇ ಥರ. ‘ಚರ್ಚ್ ಗೊತ್ತಲ್ಲ, ಅದರ ಹಿಂದೆ.’ ‘ಚರ್ಚ್ ದಾಟಿ ಎರಡನೇ ತಿರುವು.’ ‘ಚರ್ಚ್ ಹತ್ರ ಇಳಕೊಂಡು ಫೋನ್ ಮಾಡಿ.’ ಪಂಕ್ಚರ್ ಅಂಗಡಿಯವನಿಗೂ ಅದೇ ಗುರುತು, ಪಾರ್ಸೆಲ್ ತರುವ ಹುಡುಗನಿಗೂ ಅದೇ ಗುರುತು, ಮದುವೆ ಕಾಗದ ಹಂಚಲು ಪರಊರಿನಿಂದ ಬಂದವರಿಗೂ ಅದೇ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚು ಅರ್ಧ ಊರಿಗೆ ದಾರಿ ತೋರಿಸುವ ಕೈಮರ.

ಸರಿ. ಅದೇ ಮಂದಿಯನ್ನು ನಿಲ್ಲಿಸಿ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಆ ಚರ್ಚಿನ ಬಾಗಿಲ ಮೇಲ್ಭಾಗ ಗುಂಡಗಿದೆಯೋ, ಚೂಪಾಗಿದೆಯೋ? ಗೋಪುರ ಎಲ್ಲಿ ಮುಗಿದು ಶಿಖರ ಎಲ್ಲಿಂದ ಶುರುವಾಗುತ್ತೆ? ಮಗ್ಗುಲಿನ ಗೋಡೆ ನೆಟ್ಟಗೆ ಹಿಂದಕ್ಕೆ ಹೋಗಿದೆಯೋ, ಎಲ್ಲಾದರೂ ಆಚೆ ಚಾಚಿಕೊಂಡಿದೆಯೋ? ತಲೆ ಕೆರೆದುಕೊಳ್ಳುತ್ತಾರೆ. ನಲವತ್ತು ವರ್ಷ ಅದೇ ರಸ್ತೆಯಲ್ಲಿ ಓಡಾಡಿದವರೂ ಕೆರೆದುಕೊಳ್ಳುತ್ತಾರೆ. ಅವರದೇನೂ ತಪ್ಪಲ್ಲ. ಹೆಂಡತಿಯ ಕಿವಿಯೋಲೆಯ ಹರಳು ಯಾವ ಬಣ್ಣದ್ದು ಅಂತ ಥಟ್ಟನೆ ಕೇಳಿದರೆ ಎಷ್ಟು ಜನ ಗಂಡಸರು ಹೇಳಿಯಾರು? ದಿನಾ ಕಣ್ಣಿಗೆ ಬೀಳುವುದನ್ನು ಯಾರೂ ನೋಡುವುದಿಲ್ಲ.

ಹೊರಗಿನಿಂದ ಬರುವ ಪ್ರವಾಸಿಗಳಾದರೂ ನೋಡುತ್ತಾರಾ ಅಂದರೆ, ಅವರ ಕಥೆ ಇನ್ನೂ ತಮಾಷೆ. ಬೆಳಿಗ್ಗೆ ಚಾಮುಂಡಿಬೆಟ್ಟ, ಆಮೇಲೆ ಅರಮನೆ, ಊಟ, ಮೃಗಾಲಯ, ನಡುವೆ ಎಲ್ಲೋ ಒಂದು ಸಂದಿನಲ್ಲಿ ಚರ್ಚು, ಕತ್ತಲಾಗುವ ಹೊತ್ತಿಗೆ ಬೃಂದಾವನ. ಬಸ್ಸು ನಿಲ್ಲುತ್ತದೆ. ‘ಹದಿನೈದೇ ನಿಮಿಷ, ಲೇಟ್ ಮಾಡಬೇಡಿ’ ಎಂದು ಗೈಡು ಕೂಗುತ್ತಾನೆ. ಇಳಿದವರು ಮಾಡುವ ಮೊದಲ ಕೆಲಸ ಏನು? ಚರ್ಚಿಗೆ ಬೆನ್ನು ಕೊಟ್ಟು ನಿಲ್ಲುವುದು! ಎರಡು ಗೋಪುರವೂ ಬರಬೇಕು, ಯಜಮಾನರ ಮುಖವೂ ಬರಬೇಕು, ಮಗುವಿನ ತಲೆಯೂ ಬರಬೇಕು. ಫೋಟೊ ತೆಗೆಯುವವನು ನೆಲಕ್ಕೆ ಕುಕ್ಕರುಗಾಲು ಹಾಕುತ್ತಾನೆ. ಮುಗಿಯಿತು. ಚರ್ಚು ಮೊಬೈಲಿಗೆ ಹೋಯಿತು, ಕಣ್ಣಿಗೆ ಹೋಗಲಿಲ್ಲ.

ನಿಧಾನಕ್ಕೆ ಹೋದರೆ ಏನು ಕಂಡೀತು ಎಂದು ತಿಳಿಯಬೇಕಾದರೆ ಆಟೋ, ಬೈಕು ಬಿಡಬೇಕು. ಕಾಲ್ನಡಿಗೆಯೇ ಸರಿ.

ಗಡಿಯಾರದಿಂದ ಗೋಪುರಕ್ಕೆ

ದೊಡ್ಡ ಗಡಿಯಾರದ ಹತ್ತಿರದಿಂದ ಹೊರಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಎದ್ದ 75 ಅಡಿಯ ಗೋಪುರ ಅದು. ಗಡಿಯಾರದ ಮುಖದಲ್ಲಿ ಕನ್ನಡದ ಅಂಕಿ. ಹತ್ತಿರದಲ್ಲೇ 1884ರ ರಂಗಾಚಾರ್ಲು ಪುರಭವನ. ಅಲ್ಲಿಂದ ಗಾಂಧಿ ಚೌಕ. ಆಮೇಲೆ ಅಶೋಕ ರಸ್ತೆಯ ಚಿನ್ನಬೆಳ್ಳಿ ಅಂಗಡಿಗಳ ಸಾಲು. ಇರ್ವಿನ್ ರಸ್ತೆ ಅಡ್ಡ ಬರುತ್ತದೆ. ಅದನ್ನು ಜೀವ ಕೈಯಲ್ಲಿ ಹಿಡಿದು ದಾಟಿದರೆ ಲಷ್ಕರ್. ಲಷ್ಕರ್ ಅಂದರೆ ದಂಡು, ಸೈನ್ಯ. ಈಗ ಅಲ್ಲಿ ದಂಡು ಕಟ್ಟಿಕೊಂಡು ನಿಂತಿರುವುದು ಸ್ಕೂಟರುಗಳು. ಗಡಿಯಾರದಿಂದ ಚರ್ಚಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರು. ಸುಮ್ಮನೆ ನಡೆದರೆ ಇಪ್ಪತ್ತು ನಿಮಿಷದ ದಾರಿ. ಫುಟ್‌ಪಾತಿನ ಮೇಲೆ ನಡೆಯುತ್ತೇನೆ ಎಂದು ಹಟ ಹಿಡಿದರೆ ಮಾತ್ರ ಲೆಕ್ಕ ಬೇರೆ. ಇಳಿದು ಹತ್ತಿ, ಬೋರ್ಡು ತಪ್ಪಿಸಿ, ಗಾಡಿ ಸುತ್ತಿ ಹೋಗಬೇಕು. ಮೇಲೆ ನೋಡುತ್ತಾ ನಡೆಯುವವನು ಮೊದಲು ಕೆಳಗೆ ನೋಡಿಕೊಳ್ಳಬೇಕು, ಅದು ಈ ಊರಿನ ಕಾಯಿದೆ.

ಇಷ್ಟಾದರೂ ಕತ್ತೆತ್ತಿದವರಿಗೆ ಬಹುಮಾನ ಇದೆ. ಮಾಳಿಗೆಗಳ ಸಂದಿನಲ್ಲಿ, ಕರೆಂಟು ತಂತಿ ಕೇಬಲ್ ತಂತಿಗಳ ಸಿಕ್ಕಿನ ಹಿಂದೆ, ಎಲ್ಲೋ ಒಂದು ಕಡೆ ಎರಡು ಚೂಪು ತುದಿ ಇಣುಕುತ್ತವೆ. ನಾಲ್ಕು ಹೆಜ್ಜೆ ಹಾಕಿದರೆ ಮಾಯ. ಮತ್ತೆ ಕಾಣುತ್ತವೆ. ಒಮ್ಮೆ ಎರಡೂ ಒಂದರ ಮರೆಗೆ ಒಂದು ಸೇರಿ ಒಂದೇ ಗೋಪುರ ಆಗುತ್ತದೆ. ಇನ್ನೊಂದಷ್ಟು ದೂರಕ್ಕೆ ಬೇರೆ ಬೇರೆಯಾಗುತ್ತವೆ. ಗಾಡಿಯಲ್ಲಿ ಹೋಗುವವನಿಗೆ ಈ ಆಟ ಸಿಕ್ಕುವುದಿಲ್ಲ.

ಗೇಟಿನ ಎದುರಿಗೆ ಬಂದಾಗ ತಕ್ಷಣ ಒಳಗೆ ನುಗ್ಗಬಾರದು. ರಸ್ತೆಯ ಆಚೆ ಬದಿಗೇ ನಿಂತುಬಿಡಬೇಕು. ಹತ್ತಿರ ಹೋದಷ್ಟೂ ಗೋಪುರ ಕುಳ್ಳಗಾಗಿ ಕಾಣುತ್ತದೆ; ದೂರದಿಂದಲೇ ಅದರ ನಿಜವಾದ ಎತ್ತರ. ಎಷ್ಟು ಎತ್ತರ ಅಂತೀರಾ? 175 ಅಡಿ. ಈಗಷ್ಟೇ ಬಿಟ್ಟು ಬಂದ ದೊಡ್ಡ ಗಡಿಯಾರದ ಗೋಪುರವನ್ನು ಒಂದರ ಮೇಲೊಂದು ಎರಡು ನಿಲ್ಲಿಸಿದರೂ ಇನ್ನೂ 25 ಅಡಿ ಮಿಕ್ಕುತ್ತದೆ.

ಇದಕ್ಕಿಂತ ಸ್ವಾರಸ್ಯದ ಲೆಕ್ಕ ಇನ್ನೊಂದಿದೆ. ಮೈಸೂರು ಅರಮನೆಯ ಗೋಪುರ 145 ಅಡಿ. ಅಂದರೆ ಅಂಬಾವಿಲಾಸ ಅರಮನೆಗಿಂತ ಈ ಚರ್ಚು 30 ಅಡಿ ಎತ್ತರ! ಅರಮನೆ ಮುಗಿದದ್ದು 1912ರಲ್ಲಿ. ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ, ಅದೇ ಅರಮನೆಯಲ್ಲಿದ್ದ ಅದೇ ಮಹಾರಾಜರು ತಮ್ಮ ಮನೆಗಿಂತ ಎತ್ತರದ, ತಮ್ಮದಲ್ಲದ ಧರ್ಮದ ದೇವಾಲಯಕ್ಕೆ ತಮ್ಮ ಕೈಯಾರೆ ಅಡಿಗಲ್ಲು ಹಾಕಿದರು. ತೇದಿ 1933ರ ಅಕ್ಟೋಬರ್ 28. ರಾಜರ ಮನೆಗಿಂತ ಯಾರ ಮನೆಯೂ ಎತ್ತರ ಇರಕೂಡದು ಎಂಬ ಕಾಲದ ಕಥೆ ಕೇಳಿದವರಿಗೆ ಇದು ಸಣ್ಣ ಸಂಗತಿಯಲ್ಲ.

ರಾಜರ ಕಲ್ಲು, ಫ್ರೆಂಚರ ನಕ್ಷೆ

ನಾಲ್ವಡಿಯವರೇನೂ ಹೊಸ ಪದ್ಧತಿ ಹಾಕಿದ್ದಲ್ಲ. ಇದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಒಂದು ಚಿಕ್ಕ ಚರ್ಚು ಕಟ್ಟಿಸಲಾಗಿತ್ತು. ಹೊಸ ಚರ್ಚಿನ ಯೋಚನೆ ಹುಟ್ಟಿದ್ದು ಮಹಾರಾಜರ ಕಾರ್ಯದರ್ಶಿ ತಂಬುಚೆಟ್ಟಿಯವರ ತಲೆಯಲ್ಲಿ. ಪೋಪರ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿ ಎಂಬುವರಿಂದ ಅವರು 1926ರಲ್ಲಿ ಸಂತ ಫಿಲೋಮಿನಾಳ ಅಸ್ಥಿಯ ತುಣುಕೊಂದನ್ನು ಪಡೆದು ತಂದಿದ್ದರು. ಅದು ಫಾದರ್ ಕೋಷೆ ಅವರ ಕೈಗೆ ಬಂತು. ಇಷ್ಟು ದೊಡ್ಡ ವಸ್ತು ಬಂದ ಮೇಲೆ ಅದಕ್ಕೆ ತಕ್ಕ ಮನೆ ಬೇಡವೇ? ಫಾದರ್ ಹೋಗಿ ಮಹಾರಾಜರ ನೆರವು ಕೇಳಿದರು. ಮಹಾರಾಜರು ಒಪ್ಪಿದರು. ಅಂದು ಮಾಡಿದ ಭಾಷಣದಲ್ಲಿ, ಈ ಕಟ್ಟಡ ಎರಡು ಬುನಾದಿಯ ಮೇಲೆ ನಿಲ್ಲುತ್ತದೆ, ಒಂದು ದೇವರ ಕರುಣೆ, ಇನ್ನೊಂದು ಜನರ ಕೃತಜ್ಞತೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದರು. ಕೆಲಸ ಮುಗಿಯುವವರೆಗೆ ಬಿಷಪ್ ರೆನೆ ಫ್ಯೂಗಾ ಉಸ್ತುವಾರಿ ನೋಡಿಕೊಂಡರು. 1936ರ ಕಟ್ಟಡ ಎಂದು ಊರು ಲೆಕ್ಕ ಇಟ್ಟುಕೊಂಡಿದೆ.

ನಕ್ಷೆ ಹಾಕಿದವರು ಡೇಲಿ ಎಂಬ ಫ್ರೆಂಚರು. ಅವರ ಕಣ್ಣ ಮುಂದೆ ಇದ್ದದ್ದು ಜರ್ಮನಿಯ ಕೊಲೋನ್ ನಗರದ ಮಹಾಚರ್ಚು ಎನ್ನುತ್ತಾರೆ. ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಚರ್ಚಿನ ಗೋಪುರದ ಹೋಲಿಕೆಯೂ ಇದೆ. ಕೊಲೋನಿನ ಕಥೆ ಸ್ವಲ್ಪ ಕೇಳುವಂಥದ್ದು. ಅಲ್ಲಿ ಕೆಲಸ ಶುರುವಾದದ್ದು 1248ರಲ್ಲಿ. ಮುಗಿದದ್ದು 1880ರಲ್ಲಿ! ಆರುನೂರ ಮೂವತ್ತೆರಡು ವರ್ಷ. ನಡುವೆ ಹದಿನಾರನೇ ಶತಮಾನದಲ್ಲಿ ಕೆಲಸ ನಿಂತೇ ಹೋಯಿತು. ಅರ್ಧ ಎದ್ದ ಗೋಪುರದ ನೆತ್ತಿಯ ಮೇಲೆ ಕಲ್ಲು ಎತ್ತುವ ಮರದ ರಾಟೆಯೊಂದು ನೂರಾರು ವರ್ಷ ಹಾಗೇ ಒಂಟಿಯಾಗಿ ನಿಂತಿತ್ತು. ಊರಿನ ಚಿತ್ರ ಬರೆದವರೆಲ್ಲ ಆ ರಾಟೆಯನ್ನೂ ಸೇರಿಸಿಯೇ ಬರೆಯುತ್ತಿದ್ದರು. ನಿಂತ ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ, ಅಂದರೆ ಮೈಸೂರಿನಲ್ಲಿ ಮುಮ್ಮಡಿಯವರ ಕಾಲದ ಚಿಕ್ಕ ಚರ್ಚು ಏಳುವ ಹಿಂದಿನ ವರ್ಷ. ಕೊಲೋನಿನ ಗೋಪುರ 157 ಮೀಟರು, ಅಡಿ ಲೆಕ್ಕದಲ್ಲಿ 500ಕ್ಕೂ ಮಿಗಿಲು. ಅದರ ಮುಂದೆ ಮೈಸೂರಿನದು ತಮ್ಮ. ಆದರೆ ಅಣ್ಣನಿಗೆ ಆರು ಶತಮಾನ ಬೇಕಾಯಿತು, ತಮ್ಮ ಕೆಲವೇ ವರ್ಷದಲ್ಲಿ ಎದ್ದು ನಿಂತ.

ಮೈಸೂರು ಜಿಲ್ಲೆಯವರಿಗೆ ಇಲ್ಲೊಂದು ಹೋಲಿಕೆ ಹೊಳೆಯಬೇಕು. ಕೊಲೋನಿನಲ್ಲಿ ಕಲ್ಲಿನ ಮೇಲೆ ಕಲ್ಲು ಏರುತ್ತಿದ್ದ ಅದೇ ಹದಿಮೂರನೇ ಶತಮಾನದಲ್ಲಿ ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳರ ಕಾಲದ ಕೇಶವ ದೇವಾಲಯ ಎದ್ದಿತು. ಅಲ್ಲಿಯವರಿಗೆ ಇಲ್ಲಿಯವರ ಸುದ್ದಿ ಇಲ್ಲ, ಇಲ್ಲಿಯವರಿಗೆ ಅಲ್ಲಿಯವರ ಸುದ್ದಿ ಇಲ್ಲ. ಎರಡು ಕಡೆಯೂ ಕಲ್ಲು ಕುಟ್ಟುವ ಸದ್ದು ಮಾತ್ರ ಒಂದೇ. ಆದರೆ ನೋಡುವ ರೀತಿ ಬೇರೆ. ಸೋಮನಾಥಪುರದಲ್ಲಿ ಕಣ್ಣಿನ ಮಟ್ಟದಲ್ಲೇ ಎಲ್ಲ ಇದೆ, ಆನೆ ಸಾಲು, ಕುದುರೆ ಸಾಲು, ದೇವರ ಸಾಲು. ಅದು ಪ್ರದಕ್ಷಿಣೆಯ ಕಟ್ಟಡ, ಕಾಲಿಗೆ ಕೆಲಸ. ಚರ್ಚಿನ ಗಾಥಿಕ್ ಶೈಲಿ ಹಾಗಲ್ಲ. ಅಲ್ಲಿ ಪ್ರತಿ ಗೆರೆಯೂ ಮೇಲಕ್ಕೆ ಎಳೆಯುತ್ತದೆ. ಉದ್ದುದ್ದ ಕಿರಿದಾದ ಕಿಟಕಿ, ಮೇಲಕ್ಕೆ ಹೋದಂತೆ ಸಣ್ಣಗಾಗುವ ಅಂತಸ್ತು, ಶಿಖರದ ಬುಡದಲ್ಲಿ ಮರಿ ಶಿಖರಗಳು, ಕೊನೆಗೆ ಶಿಲುಬೆ. ಅದು ಕತ್ತಿಗೆ ಕೆಲಸ. ಎರಡೂ ಕಡೆ ಹದಿನೈದು ನಿಮಿಷದ ಗೈಡು ಮಾತ್ರ ಒಬ್ಬನೇ.

ಕೈ ಮುಗಿದ ಕಮಾನು

ಈಗ ರಸ್ತೆ ದಾಟಿ ಗೇಟಿನ ಒಳಗೆ ಹೋಗಬಹುದು. ಬಾಗಿಲ ಹತ್ತಿರದ ಕಮಾನು ನೋಡಿ. ಅದು ಗುಂಡಗಿನ ಕಮಾನಲ್ಲ, ನೆತ್ತಿಯಲ್ಲಿ ಚೂಪು. ಎರಡು ಅಂಗೈ ಜೋಡಿಸಿ ನಮಸ್ಕಾರ ಮಾಡಿ ಬೆರಳ ತುದಿ ನೋಡಿಕೊಂಡರೆ ಅದೇ ಆಕಾರ. ಚಂದಕ್ಕೆ ಮಾಡಿದ್ದು ಅಂತ ಎಲ್ಲರೂ ತಿಳಿಯುತ್ತಾರೆ. ಚಂದ ಆಮೇಲಿನದು. ಗುಂಡು ಕಮಾನು ತನ್ನ ಮೇಲಿನ ಭಾರವನ್ನು ಬಲವಾಗಿ ಪಕ್ಕಕ್ಕೆ ನೂಕುತ್ತದೆ. ಅದನ್ನು ತಡೆಯುವುದಕ್ಕೆ ಗೋಡೆ ದಪ್ಪ ಇರಬೇಕು. ಚೂಪು ಕಮಾನು ಭಾರವನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ, ಪಕ್ಕದ ನೂಕಾಟ ಕಡಿಮೆ. ಮಿಕ್ಕ ನೂಕಾಟವನ್ನು ತಡೆಯಲು ಗೋಡೆಗೆ ಹೊರಗಡೆಯಿಂದ ಆನಿಕೆ ಕಂಬ ಕೊಡುವುದು ಈ ಶೈಲಿಯ ರಿವಾಜು. ವಾಲಿದ ಬಾಳೆಗೆ ಗೂಟ ಕೊಟ್ಟ ಹಾಗೆ ಅಂದುಕೊಳ್ಳಿ. ಭಾರ ಹೊರುವ ಕೆಲಸ ಹೀಗೆ ಕಂಬಗಳಿಗೆ ಹೋಯಿತೆಂದರೆ ನಡುವಿನ ಗೋಡೆ ಖಾಲಿ ಉಳಿಯಿತು. ಖಾಲಿ ಗೋಡೆಗೆ ದೊಡ್ಡ ಕಿಟಕಿ ಬಿಡಬಹುದು. ದೊಡ್ಡ ಕಿಟಕಿ ಬಂದದ್ದರಿಂದ ಬಣ್ಣದ ಗಾಜು ಬಂತು. ಒಂದು ಚೂಪು ಕಮಾನಿನಿಂದ ಇಷ್ಟೆಲ್ಲ.

ಗೇಟಿನಾಚೆ ಟೀ ಕುಡಿಯುತ್ತಿದ್ದ ಒಬ್ಬ ಗಾರೆ ಮೇಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐವತ್ತು ದಾಟಿದ ಮನುಷ್ಯ. ಕೈಚೀಲದಲ್ಲಿ ಕರಣೆ, ತೂಗುಗುಂಡು. ಪಕ್ಕದ ಬೀದಿಯಲ್ಲಿ ಯಾರದೋ ಮನೆಗೆ ಕೆಲಸಕ್ಕೆ ಬಂದವರು, ಸಾಯಂಕಾಲ ಬಸ್ಸಿಗೆ ಹೊತ್ತಿದೆ ಎಂದು ನಿಂತಿದ್ದರು. ಪ್ರವಾಸಿಗಳು ಗೋಪುರದ ತುದಿ ನೋಡಿದರೆ ಈತನ ಕಣ್ಣು ನೋಡುತ್ತಿದ್ದದ್ದು ಬೇರೆ ಜಾಗ. ಕಿಟಕಿಯ ಕೆಳಗಿನ ಅಂಚು. ಕಂಬ ಗೋಡೆ ಸೇರುವ ಮೂಲೆ. ಮಳೆನೀರು ಇಳಿಯುವ ದಾರಿ.

‘ಎತ್ತರ ಕಟ್ಟೋದು ದೊಡ್ಡದಲ್ಲ ಸಾ’ ಅಂದರು ಮೇಸ್ತ್ರಿ. ‘ಮೇಲೆ ಬಿದ್ದ ನೀರ್ನ ಕೆಳಗೆ ಇಳಿಸೋದು ದೊಡ್ದು. ನೀರು ಎಲ್ಲಿ ನಿಂತ್ಕತದೋ ಅಲ್ಲಿಂದ ಕಾಯಿಲೆ.’

ಈ ಮಾತು ಬರೆದುಕೊಳ್ಳುವಂಥದ್ದು. ಇಂಥ ಕಟ್ಟಡದ ಹೊರಮೈಯಲ್ಲಿ ಅಲಂಕಾರ ಅಂತ ಕಾಣುವ ಎಷ್ಟೋ ಸಂಗತಿ ನೀರಿನ ಲೆಕ್ಕಾಚಾರ. ಚೂಪು ಶಿಖರದ ಮೇಲೆ ನೀರು ನಿಲ್ಲುವುದಿಲ್ಲ. ಕಿಟಕಿಯ ಅಂಚು ಹೊರಕ್ಕೆ ಇಳಿಜಾರು ಇದ್ದರೆ ನೀರು ಗೋಡೆ ಬಿಟ್ಟು ಆಚೆ ತೊಟ್ಟಿಕ್ಕುತ್ತದೆ. ಆನಿಕೆ ಕಂಬದ ನೆತ್ತಿಯನ್ನು ಓರೆ ಕೊಯ್ಯುವುದೂ ಅದಕ್ಕೇ. ಯುರೋಪಿನ ಹಿಮಕ್ಕೆಂದು ಹುಟ್ಟಿದ ಈ ಓರೆಗಳು ಮೈಸೂರಿನ ಮುಂಗಾರಿಗೂ ಬಂದವು. ಮಳೆ ಬಂದು ಬಿಟ್ಟ ಮರುದಿನ ಯಾವುದೇ ಹಳೆ ಕಟ್ಟಡದ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಅದರ ಆರೋಗ್ಯ ಎಲ್ಲ ಹೊರಗೇ ಬರೆದಿರುತ್ತದೆ. ಬೇಗ ಒಣಗಿದ ಜಾಗ, ಒಣಗದೆ ಉಳಿದ ಜಾಗ, ಪಾಚಿ ಕಪ್ಪಾಗಿ ಇಳಿದ ಗೆರೆ, ಉಬ್ಬಿದ ಗಾರೆ. ಓದುವವರು ಬೇಕು ಅಷ್ಟೆ.

‘ಇನ್ನೊಂದು ಅರಳಿ’ ಅಂದರು ಮೇಸ್ತ್ರಿ, ಲೋಟ ಇಟ್ಟು. ಹಕ್ಕಿ ಹಣ್ಣು ತಿಂದು ಬಂದು ಸಂದಿನಲ್ಲಿ ಹಿಕ್ಕೆ ಹಾಕುತ್ತದೆ. ಬೀಜಕ್ಕೆ ಒಂದು ಚಿಟಿಕೆ ಧೂಳು, ಒಂದು ಹನಿ ನೀರು ಸಾಕು. ಮೊದಲ ವರ್ಷ ಎರಡೆಲೆ, ಯಾರಿಗೂ ಕಾಣುವುದಿಲ್ಲ. ಆಗ ಕಿತ್ತರೆ ಎರಡು ಬೆರಳಿನ ಕೆಲಸ. ಐದು ವರ್ಷ ಬಿಟ್ಟರೆ ಬೇರು ಗೋಡೆಯೊಳಗೆ ಹೊಕ್ಕು ಇಟ್ಟಿಗೆಗಳನ್ನು ಬಿಡಿಸುತ್ತದೆ, ಆಗ ಗಿಡ ಕಿತ್ತರೆ ಗೋಡೆಯೂ ಬರುತ್ತದೆ. ‘ದೇವರ ಮರ ಅಂತ ಕೀಳಕ್ಕೂ ಹೆದರ್ತಾರೆ’ ಎಂದು ನಕ್ಕರು.

ನೋಡದೆ ಹೋದದ್ದು

ಇದೆಲ್ಲ ಬಿಡುವಿದ್ದವರ ಹರಟೆ ಅನ್ನುವವರು ಇದೇ ಊರಿನ ಎರಡು ಹೆಸರು ನೆನೆಸಿಕೊಳ್ಳಬೇಕು. ಲ್ಯಾನ್ಸ್‌ಡೌನ್ ಬಜಾರು. ದೇವರಾಜ ಮಾರುಕಟ್ಟೆ.

ಲ್ಯಾನ್ಸ್‌ಡೌನ್ ಕಟ್ಟಡ ವೈಸರಾಯ್ ಹೆಸರಿನದು, ಹತ್ತೊಂಬತ್ತನೇ ಶತಮಾನದ್ದು. ಸಾಲು ಕಮಾನು, ಕೆಳಗೆ ಅಂಗಡಿಗಳು, ಹಳೆ ಪುಸ್ತಕದ ರಾಶಿ. ಮೈಸೂರಿನಲ್ಲಿ ಓದಿದವರಲ್ಲಿ ಅಲ್ಲಿ ಸೆಕೆಂಡ್‌ಹ್ಯಾಂಡ್ ಪುಸ್ತಕ ಹುಡುಕದವರು ಕಡಿಮೆ. 2012ರ ಆಗಸ್ಟಿನಲ್ಲಿ ಒಂದು ದಿನ ಆ ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ನಾಲ್ಕು ಜನ ಸತ್ತರು. ನಾಲ್ಕೇ ವರ್ಷಕ್ಕೆ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಹಬ್ಬಕ್ಕೆ ಹೂವು ಹಣ್ಣು ಕೊಳ್ಳಲು ಇಡೀ ಊರು ಸೇರುವ ಜಾಗ ಅದು. ಆಮೇಲೆ ಶುರುವಾಯಿತು ನೋಡಿ! ಕಮಿಟಿ, ವರದಿ, ಕೆಡವಬೇಕು ಎನ್ನುವವರು, ಉಳಿಸಬೇಕು ಎನ್ನುವವರು, ತಜ್ಞರು, ಪ್ರತಿತಜ್ಞರು. ವಾದ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಬಿದ್ದ ಮೇಲೆ ಅಷ್ಟು ಜನ ತಲೆಯೆತ್ತಿ ನೋಡಿದರು. ಬೀಳುವ ಮೊದಲು ಅಲ್ಲಿ ದಿನಾ ಓಡಾಡಿದವರು ಸಾವಿರಾರು. ಮೆಣಸಿನಕಾಯಿ ಕೊಂಡರು, ಗೈಡು ಪುಸ್ತಕ ಕೊಂಡರು, ಚಿಲ್ಲರೆಗೆ ಜಗಳ ಆಡಿದರು. ಮೇಲೆ ನೋಡಿದವರು ಎಷ್ಟು ಮಂದಿ?

ಎರಡೂ ಕಟ್ಟಡ ಇಟ್ಟಿಗೆ, ಸುಣ್ಣದ ಗಾರೆಯವು. ಸುಣ್ಣದ ಗೋಡೆಗೆ ಒಂದು ಗುಣ ಇದೆ, ಕುಡಿದ ನೀರನ್ನು ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ‘ಸುಣ್ಣದ ಗೋಡೆ ಉಸಿರಾಡ್ತದೆ. ಸಿಮೆಂಟ್ ಹಾಕುದ್ರೆ ಮೂಗು ಮುಚ್ಚುದಂಗೆ’ ಎಂಬುದು ಮೇಸ್ತ್ರಿಯ ವಿವರಣೆ. ಇಂಜಿನಿಯರಿಂಗ್ ಓದಿದವರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಆದರೆ ಸುಣ್ಣ ಅರೆದು ಗಾರೆ ಹದ ಮಾಡುವ ಕೈ ಈಗ ಎಲ್ಲಿ ಹುಡುಕಬೇಕು? ಮೇಸ್ತ್ರಿಗೆ ಆ ಕೆಲಸ ಅಪ್ಪನಿಂದ ಬಂದದ್ದು. ಮಗ ಟೈಲ್ಸ್ ಹಾಕುತ್ತಾನಂತೆ. ಅದರಲ್ಲಿ ದುಡ್ಡು ಜಾಸ್ತಿ, ಬಿಸಿಲು ಕಡಿಮೆ.

ಕೊಲೋನಿನವರದು ಬೇರೆ ಪದ್ಧತಿ. ಅಲ್ಲಿ ಆ ಒಂದು ಚರ್ಚಿಗೆಂದೇ ಕಲ್ಲುಕುಟಿಗರ, ಗಾಜಿನವರ, ಬಡಗಿಗಳ ಕಾಯಂ ಕಾರ್ಯಾಗಾರ ಇದೆ. ವರ್ಷವಿಡೀ ಗೋಪುರದ ಯಾವುದೋ ಒಂದು ಮೂಲೆಗೆ ಅಟ್ಟಣೆ ಕಟ್ಟಿಯೇ ಇರುತ್ತಾರೆ. ಚರ್ಚಿನ ಕೆಲಸ ಪೂರ್ತಿ ಮುಗಿದ ದಿನ ಪ್ರಪಂಚವೂ ಮುಗಿಯುತ್ತದೆ ಎಂದು ಅಲ್ಲಿನವರು ತಮಾಷೆ ಮಾಡುತ್ತಾರೆ. ಮಹಾಯುದ್ಧದಲ್ಲಿ ಬಾಂಬು ಬಿದ್ದು ಸುತ್ತಲ ಊರು ನೆಲಸಮ ಆದಾಗಲೂ ಆ ಗೋಪುರಗಳು ಏಟು ತಿಂದು ನಿಂತಿದ್ದವು. ನಕ್ಷೆಯನ್ನು ಸಮುದ್ರ ದಾಟಿಸಿ ತರಬಹುದು. ಅಟ್ಟಣೆ ಕಟ್ಟಿ ದಿನಾ ನೋಡುವ ಆ ಅಭ್ಯಾಸ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಹೊರಗೆ ಕಪ್ಪು, ಒಳಗೆ ಬಣ್ಣ

ಮುಂಭಾಗ ನೋಡಿಯಾದ ಮೇಲೆ ಮಗ್ಗುಲಿಗೆ ಬರಬೇಕು. ಬಹುಪಾಲು ಜನ ಬರುವುದಿಲ್ಲ, ಏಕೆಂದರೆ ಫೋಟೊಗೆ ಗೋಪುರ ಇರುವುದು ಮುಂದೆ. ಮಗ್ಗುಲಲ್ಲಿ ನಡೆದರೆ ಗೋಡೆ ಒಂದು ಕಡೆ ಥಟ್ಟನೆ ಹೊರಕ್ಕೆ ಚಾಚುತ್ತದೆ. ಆಚೆ ಬದಿಯಲ್ಲೂ ಹಾಗೇ. ಇಡೀ ಕಟ್ಟಡವನ್ನು ನೆಲದ ಮೇಲೆ ಶಿಲುಬೆಯ ಆಕಾರಕ್ಕೆ ಹಾಸಿದ್ದಾರೆ. ಉದ್ದನೆಯ ಭಾಗ ಜನ ಕೂರುವ ಅಂಗಳ, ಅಲ್ಲಿ ಎಂಟುನೂರು ಮಂದಿಗೆ ಜಾಗ. ಚಾಚಿದ ಎರಡು ಗೋಡೆ ಶಿಲುಬೆಯ ಎರಡು ಕೈ. ತಲೆಯ ಕಡೆ ಪೂಜೆಯ ಪೀಠ. ಒಳಗೆ ಕೂತವರಿಗೆ ಈ ಆಕಾರ ಪೂರ್ತಿ ತಿಳಿಯುವುದಿಲ್ಲ. ಮೇಲಿಂದ ಹಾರುವ ಹದ್ದಿಗೆ ತಿಳಿಯುತ್ತದೆ, ಸುತ್ತು ಹಾಕಿದವರ ಕಾಲಿಗೆ ತಿಳಿಯುತ್ತದೆ.

ಕಿಟಕಿಗಳು ಬಣ್ಣದ ಗಾಜಿನವು. ಕ್ರಿಸ್ತನ ಜನನ, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣ ಎಲ್ಲ ಆ ಗಾಜಿನಲ್ಲಿವೆ ಎಂದು ಪುಸ್ತಕ ಹೇಳುತ್ತದೆ. ಹಗಲು ಹೊತ್ತು ಹೊರಗೆ ನಿಂತವರಿಗೆ ಏನು ಕಾಣುತ್ತೆ ಗೊತ್ತಾ? ಏನೂ ಇಲ್ಲ. ಮಸಿ ಬಳಿದ ಹಾಗೆ ಕಪ್ಪು. ಬೆಳಕು ಹೊರಗಿನಿಂದ ಒಳಕ್ಕೆ ಹೋಗುವಾಗ ಬಣ್ಣ ಒಳಗಿನವರ ಪಾಲು; ಹೊರಗೆ ನಿಂತವರಿಗೆ ಸಿಕ್ಕುವುದು ಗಾಜಿನ ತುಂಡುಗಳನ್ನು ಹಿಡಿದ ಪಟ್ಟಿಯ ಗೆರೆ ಮಾತ್ರ. ಬಟ್ಟೆಯ ಉಲ್ಟಾ ಕಡೆ ಕಸೂತಿ ನೋಡಿದ ಹಾಗೆ.

ನೆಲದ ಕೆಳಗೂ ಒಂದು ಕೋಣೆ ಇದೆ. ಮುಖ್ಯ ಪೀಠದ ಕೆಳಗಿನ ಆ ಕೋಣೆಯಲ್ಲಿ ಸಂತ ಫಿಲೋಮಿನಾಳ ಅಸ್ಥಿಯನ್ನು ಇಟ್ಟಿದ್ದಾರೆ. ಫ್ರಾನ್ಸಿನಿಂದ ತಂದ ಆಕೆಯ ಪ್ರತಿಮೆಯೂ ಇದೆ. ಇಳಿದು ಹೋದವರು ಇನ್ನೊಂದು ಕಡೆಯಿಂದ ಹತ್ತಿ ಹೊರಬರುತ್ತಾರೆ. ಇಲ್ಲಿಗೆ ಬರುವವರಲ್ಲಿ ಕ್ರೈಸ್ತರೆಷ್ಟೋ ಇತರರೂ ಅಷ್ಟೇ. ಹಣೆಗೆ ಕುಂಕುಮ ಇಟ್ಟವರು, ತಲೆಗೆ ಸೆರಗು ಹೊದ್ದವರು, ಎಲ್ಲರ ಕೈಯಲ್ಲೂ ಒಂದೇ ಥರದ ಮೇಣದ ಬತ್ತಿ. ಈ ಫಿಲೋಮಿನಾಳ ಕಥೆಯೂ ಒಂದು ನೋಟದ ಕಥೆಯೇ. 1802ರಲ್ಲಿ ರೋಮಿನ ನೆಲಮಾಳಿಗೆಯ ಗೋರಿಗಳಲ್ಲಿ ಒಂದು ಸಿಕ್ಕಿತು. ಬಾಯಿಗೆ ಮೂರು ಹಂಚು ಮುಚ್ಚಿದ್ದರು. ಹಂಚಿನ ಮೇಲಿನ ಅಕ್ಷರ ಓದಿದರೆ ಅರ್ಥವೇ ಆಗಲಿಲ್ಲ. ಹಂಚುಗಳ ಸಾಲನ್ನು ಬದಲಿಸಿ ಓದಿದಾಗ ‘ನಿನಗೆ ಶಾಂತಿಯಿರಲಿ ಫಿಲುಮೆನಾ’ ಎಂಬ ಲ್ಯಾಟಿನ್ ಮಾತು ಹೊರಬಂತು. ಅಲ್ಲಿಂದ ಹೆಸರು, ಹೆಸರಿನಿಂದ ಭಕ್ತಿ. ಆಮೇಲೆ ಪಂಡಿತರು ಅನುಮಾನ ಎತ್ತಿದರು, 1961ರಲ್ಲಿ ರೋಮಿನ ಅಧಿಕಾರಿಗಳು ಆಕೆಯ ಹಬ್ಬವನ್ನು ಪಂಚಾಂಗದಿಂದ ತೆಗೆದರು. ಈ ಚರ್ಚಿಗೆ ಸಂತ ಜೋಸೆಫರ ಹೆಸರೂ ಇದೆ. ಆದರೆ ಆಟೋದವನ ಮುಂದೆ ‘ಸಂತ ಜೋಸೆಫ್ ಚರ್ಚಿಗೆ ಬಿಡಪ್ಪ’ ಅಂದು ನೋಡಿ, ‘ಅದೆಲ್ಲಿ ಬರ್ತದೆ?’ ಅಂತಾನೆ. ಮೈಸೂರಿನ ಬಾಯಲ್ಲಿ ಅದು ಫಿಲೋಮಿನಾ ಚರ್ಚು. ರೋಮಿನ ಪಂಚಾಂಗ ಅಶೋಕ ರಸ್ತೆಗೆ ಬರಲಿಲ್ಲ.

ಸುತ್ತು ಮುಗಿಸಿ ಮುಂದಕ್ಕೆ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಗೋಪುರದ ಒಂದು ಮಗ್ಗುಲಿಗೆ ಕೊನೆಯ ಬಿಸಿಲು, ಇನ್ನೊಂದು ಮಗ್ಗುಲು ಆಗಲೇ ನೀಲಿ. ಹಗಲಲ್ಲಿ ಚಪ್ಪಟೆ ಕಂಡ ಗೋಡೆಯಲ್ಲಿ ಈಗ ಪ್ರತಿ ಅಂಚಿಗೂ ನೆರಳು ಬಂದು ಆಳ ತಿಳಿಯುತ್ತದೆ. ಪಾರಿವಾಳಗಳು ಎದ್ದು ಒಂದು ಸುತ್ತು ಹಾಕಿ ಅದೇ ಅಂಚಿಗೆ ಬಂದು ಕೂರುತ್ತವೆ. ಇನ್ನೊಂದು ಬಸ್ಸು ಬಂದು ನಿಂತಿತು. ಗೈಡು ಕೂಗಿದ. ಈ ಸಲ ಹತ್ತೇ ನಿಮಿಷ. ಬೃಂದಾವನದ ದೀಪಕ್ಕೆ ತಡವಾಗಿದೆ.

ಆಗಲೇ ಒಳಗೆ ಯಾರೋ ದೀಪ ಹಾಕಿದರು. ಇಡೀ ದಿನ ಮಸಿಯಂತಿದ್ದ ಕಿಟಕಿಯಲ್ಲಿ ಮೊದಲು ಕೆಂಪು ಕಾಣಿಸಿತು, ಆಮೇಲೆ ನೀಲಿ, ಆಮೇಲೆ ಹಳದಿ. ಬೆಳಕು ಈಗ ಒಳಗಿನಿಂದ ಹೊರಕ್ಕೆ. ಬಣ್ಣ ರಸ್ತೆಯವರ ಪಾಲು. ಬಸ್ಸಿನವರು ಮುಂಭಾಗದಲ್ಲಿ ಬೆನ್ನು ಕೊಟ್ಟು ನಿಂತಿದ್ದರು. ಮೇಸ್ತ್ರಿ ಕೈಚೀ​ಲ ಹೆಗಲಿಗೆ ಏರಿಸಿಕೊಂಡು ಹೊರಟವರು ಒಂದು ಗಳಿಗೆ ನಿಂತರು. ಅವರು ನೋಡಿದ್ದು ಗಾಜನ್ನಲ್ಲ, ಗಾಜಿನ ಕೆಳಗಿನ ಅಂಚನ್ನು.

‘ಇಳಿಜಾರು ಚೆನ್ನಾಗ್ ಕೊಟ್ಟವ್ರೆ’ ಅಂದು ಬಸ್ಸಿನ ಕಡೆ ನಡೆದರು.